ಮೂರಡಿಯ ಲೋಪ

ಸಿಟ್ಟು ನನಗೆ ಹುಟ್ಟಿನಿಂದಲೇ ಬಂದದ್ದು, ಅದನ್ನು ಮುಚ್ಚಿಡುವುದಿಲ್ಲ. ಆರನೇ ವಾರ್ಡಿನಲ್ಲಿ ಯಾರನ್ನಾದರೂ ಕೇಳಿ, ಪ್ಲಾನ್ ಅಂಬುಜಕ್ಕನಾ, ಬಾಯಿ ಜೋರು, ಗೆರೆ ಮಾತ್ರ ನೇರ ಅನ್ನುತ್ತಾರೆ. ಇಪ್ಪತ್ಮೂರು ವರ್ಷದಿಂದ ಈ ವಾರ್ಡಿನ ನಕ್ಷೆ ನನ್ನ ಕೈಯಲ್ಲಿದೆ. ಯಾರ ಮನೆಯ ಕಿಟಕಿ ಎಲ್ಲಿದೆ, ಯಾರ ಬಚ್ಚಲ ನೀರು ಯಾವ ಕಡೆಗೆ ಹರಿಯುತ್ತದೆ, ಮಾವನ ಕೋಣೆಗೂ ನನ್ನ ಕೋಣೆಗೂ ನಡುವೆ ಬಾಗಿಲು ಬೇಡ ಎಂದು ಯಾವ ಸೊಸೆ ಬಂದು ಕಿವಿಯಲ್ಲಿ ಹೇಳಿ ಹೋದಳು, ಎಲ್ಲ ನನಗೆ ಗೊತ್ತು. ಗೊತ್ತಿಲ್ಲದ್ದು ಏನೂ ಇಲ್ಲ ಎಂದುಕೊಂಡಿದ್ದೆ. ಅದೇ ನನ್ನ ದೊಡ್ಡ ದಡ್ಡತನ.

ನಮ್ಮೂರಿನಲ್ಲಿ ನಕ್ಷೆ ಬದಲಾದರೆ ಮನೆ ಬದಲಾಗುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಪುರಸಭೆಯ ಗಂಟೆ ಹೊಡೆಯುತ್ತದೆ. ಅವತ್ತು ಯಾರ ಮನೆಯ ಸರದಿಯೋ ಅವರೂ ಅಕ್ಕಪಕ್ಕದವರೂ ಒಲೆ ಆರಿಸಿ, ಗೋಡೆಯ ಮೇಲಿನ ಪಟ ಇಳಿಸಿಕೊಂಡು, ಅಜ್ಜಿಯನ್ನು ಕುರ್ಚಿ ಸಮೇತ ಎತ್ತಿ ತಂದು ಬೀದಿಯಲ್ಲಿ ನಿಲ್ಲುತ್ತಾರೆ. ನಾನು ಕಚೇರಿಯಲ್ಲಿ ಕೂತು 'ಉಳಿಸು' ಒತ್ತುತ್ತೇನೆ. ಎರಡನೇ ಗಂಟೆ ಹೊಡೆಯುವ ಹೊತ್ತಿಗೆ ಇಲ್ಲದ ಕಿಟಕಿ ಇರುತ್ತದೆ, ಇದ್ದ ಗೋಡೆ ಇರುವುದಿಲ್ಲ. ಜನ ಒಳಗೆ ಹೋಗಿ ಮತ್ತೆ ಒಲೆ ಹಚ್ಚುತ್ತಾರೆ. ಏನಾದರೂ ಮರೆತು ಬಿಟ್ಟರೆ ಅದು ಗೋಡೆಯೊಳಗೇ ಉಳಿದುಬಿಡುತ್ತದೆ. ನಮ್ಮತ್ತೆಯ ಮದುವೆ ಫೋಟೋ ಹಾಗೇ ಹೋಯಿತು. ಅದಕ್ಕೆ ನಮ್ಮತ್ತೆ ಸಾಯುವವರೆಗೂ ನನ್ನನ್ನು ಬೈದರು.

ಈ ಕೆಲಸಕ್ಕೆ ನಾವು ಬಳಸುವ ಸಾಫ್ಟ್‌ವೇರಿನ ಹೆಸರು ಗೆರೆಗಾರ. ಊರಿನ ಹದಿನೆಂಟು ವಾರ್ಡಿಗೂ ಅದೊಂದೇ. ಮೇ ತಿಂಗಳ ಕೊನೆಯಲ್ಲಿ ಅದರ ಹನ್ನೆರಡನೇ ಆವೃತ್ತಿ ಬಂತು. ಬಂದದ್ದೇ ತಡ, ನಕ್ಷೆ ಬರೆಯುವ ನಮ್ಮೆಲ್ಲರ ವಾಟ್ಸಾಪ್ ಗುಂಪಿನಲ್ಲಿ ಹಬ್ಬವೋ ಹಬ್ಬ. "ಮೆಟ್ಟಿಲು ನೋಡಿದ್ರಾ? ತಾನೇ ಎಣಿಸ್ಕೊಂಡು ಬೆಸ ಸಂಖ್ಯೆಗೆ ನಿಲ್ಲುತ್ತೆ ಕಣ್ರೀ!" ಎಂದು ಎರಡನೇ ವಾರ್ಡಿನ ಆರಾಧ್ಯರು ಬರೆದರು. ಮೆಟ್ಟಿಲು ಸಮಸಂಖ್ಯೆಯಾದರೆ ಮನೆಯವರು ಬಂದು ಜಗಳ ತೆಗೆಯುತ್ತಾರೆಂದು ಅವರ ಅರ್ಧ ಆಯುಷ್ಯ ಮೆಟ್ಟಿಲು ಎಣಿಸುವುದರಲ್ಲೇ ಕಳೆದಿತ್ತು. ಹತ್ತನೇ ವಾರ್ಡಿನ ಕಲಾವತಿ 'ಬಿಸಿಲು' ಎನ್ನುವ ಹೊಸ ಪಟ್ಟಿ ಎಳೆದು ಒಬ್ಬರ ಮನೆಗೆ ಬೆಳಗಿನ ಬಿಸಿಲನ್ನು ಸಂಜೆಗೆ ತಂದುಕೊಟ್ಟಳಂತೆ; ಅವರ ಮನೆ ಹುಂಜ ಈಗ ಸಂಜೆ ಆರಕ್ಕೆ ಕೂಗುತ್ತದಂತೆ. ಇನ್ನೊಬ್ಬ 'ನಕಲು' ಒತ್ತಿ ಒಂದು ಮನೆಯ ಬಾಲ್ಕನಿಯನ್ನು ಪಕ್ಕದ ಮನೆಗೂ ಅಂಟಿಸಿದ. ಒಣಗಲು ಹಾಕಿದ್ದ ಸೀರೆಯೂ ನಕಲಾಗಿ ಬಂತು. ಎರಡು ಮನೆಯ ಹೆಂಗಸರೂ ಒಂದೇ ಸೀರೆ ಉಟ್ಟು ಒಂದೇ ಮದುವೆಗೆ ಹೋಗಿ ರಂಪವಾಯಿತು. ಗುಂಪಿನಲ್ಲಿ ಇದಕ್ಕೆಲ್ಲ ಚಪ್ಪಾಳೆಯ ಚಿತ್ರ, ನಗುವ ಚಿತ್ರ. ಸುಳ್ಳೇಕೆ ಹೇಳಲಿ, ನಾನೂ ನಕ್ಕೆ.

ಮಂಗಳವಾರ ಜಬ್ಬಾರ್ ಸಾಹೇಬರ ಬಚ್ಚಲಮನೆಗೊಂದು ಕಿಟಕಿ ಇಡುವುದಿತ್ತು. ಹೊಸ ಆವೃತ್ತಿಯಲ್ಲಿ ವಾರ್ಡಿನ ನಕ್ಷೆ ತೆರೆದೆ. ತೆರೆದ ಕೂಡಲೇ ಒಂದು ಪೆಟ್ಟಿಗೆ ಮೂಡಿತು. 'ನಿಮ್ಮ ನಕ್ಷೆಯಲ್ಲಿ 214 ಲೋಪಗಳು ಕಂಡುಬಂದಿವೆ. ಉಳಿಸುವಾಗ ನಿವಾರಿಸಲಾಗುವುದು.' ಮೈ ಉರಿದುಹೋಯಿತು. ನನ್ನ ನಕ್ಷೆಯಲ್ಲಿ ಲೋಪ! ಅದೂ ಇನ್ನೂರ ಹದಿನಾಲ್ಕು! ಕೆಳಗೆ 'ಸರಿ' ಎನ್ನುವ ಒಂದೇ ಗುಂಡಿ. ಸರಿ ಅಲ್ಲ ಅನ್ನಬೇಕಾದವರು ಎಲ್ಲಿ ಒತ್ತಬೇಕೋ! ಗೊಣಗುತ್ತಲೇ ಒತ್ತಿದೆ. ಕಿಟಕಿ ಬರೆದೆ, ಗಂಟೆ ಹೊಡೆಯಿತು, ಉಳಿಸಿದೆ.

ಕೆಲಸ ಹೇಗಾಗಿದೆ ಎಂದು ಹೋಗಿ ನೋಡಿಬರುವುದು ನನ್ನ ಪದ್ಧತಿ. ಹೋದಾಗ ಖೈರೂನ್ ಬೀದಿಯಲ್ಲಿ ನಿಂತಿದ್ದಳು. ಕೈಯಲ್ಲಿ ಅರ್ಧ ಕುಡಿದ ಟೀ ಲೋಟ. ಎದುರಿಗೆ ಗೋಡೆ.

ಖೈರೂನ್ ಯಾರೆಂದು ಹೇಳಬೇಕು. ಜಬ್ಬಾರ್ ಸಾಹೇಬರ ಮನೆಗೂ ಉಮಾಪತಿಯ ಹಿಟ್ಟಿನ ಗಿರಣಿಗೂ ನಡುವೆ ಒಂದು ಸಂದಿ ಇತ್ತು. ಮೂರಡಿ ಅಗಲ, ಇಪ್ಪತ್ತಾರು ಅಡಿ ಉದ್ದ, ಮೇಲೆ ತಗಡು. ಇಬ್ಬರ ಜಾಗದ ಪತ್ರವೂ ಅವರವರ ಗೋಡೆಗೇ ಮುಗಿಯುತ್ತದೆ. ಆ ಸಂದಿ ಯಾರ ಪತ್ರದಲ್ಲೂ ಇರಲಿಲ್ಲ. ಖೈರೂನಳ ಅಪ್ಪ ಅಲ್ಲಿ ಕೂತು ಕೊಡೆ ರಿಪೇರಿ ಮಾಡುತ್ತಿದ್ದರು. ಅವರು ಹೋದಮೇಲೆ ಮೂವತ್ತು ವರ್ಷದಿಂದ ಇವಳು. ಕೊಡೆ, ಬ್ಯಾಗಿನ ಪಟ್ಟಿ, ಎಲ್ಲಕ್ಕಿಂತ ಹೆಚ್ಚಾಗಿ ಜಿಪ್ಪು. ಊರಿನ ಯಾವ ಜಿಪ್ಪು ಕೆಟ್ಟರೂ ಅದು ಬಂದು ಸೇರುವುದು ಅವಳ ಕೈಗೆ. ಮುಂದೆ ಕೆಲಸ, ಹಿಂದೆ ಒಂದು ಒಲೆ, ಒಂದು ಚಾಪೆ. ಅವಳ ಬದುಕು ಇದ್ದದ್ದೇ ಅಷ್ಟರಲ್ಲಿ.

"ಅಂಬುಜಕ್ಕ, ಗಂಟೆ ಹೊಡೀತು ಅಂತ ಎಲ್ಲಾರ ಜೊತೆ ಹೊರಗೆ ಬಂದೆ. ತಿರುಗಿ ನೋಡಿದ್ರೆ ಇಲ್ಲ" ಅಂದಳು. ಅಳಲಿಲ್ಲ, ಕೂಗಲಿಲ್ಲ. ಲೋಟವನ್ನು ಎಲ್ಲಿ ಇಡುವುದೆಂದು ತಿಳಿಯದೆ ಹಿಡಿದುಕೊಂಡೇ ಇದ್ದಳು. ಗಿರಣಿಯ ಗೋಡೆಯೂ ಜಬ್ಬಾರ್ ಸಾಹೇಬರ ಗೋಡೆಯೂ ಒಂದಕ್ಕೊಂದು ಬಂದು ಕೂಡಿಕೊಂಡಿದ್ದವು. ಕಿವಿಗೊಟ್ಟರೆ ಒಳಗಿನಿಂದ ಹಾಡು ಕೇಳುತ್ತಿತ್ತು. ಅವಳ ರೇಡಿಯೋ.

"ಒಳಗೆ ನಲವತ್ತೊಂದು ಸ್ಕೂಲ್ ಬ್ಯಾಗಿದೆ ಅಕ್ಕ. ಇನ್ನೇನು ಸ್ಕೂಲ್ ಶುರು. ನನ್ನ ಮಿಷನ್ನು, ಅಬ್ಬಾನ ಇಕ್ಕಳ, ಎಲ್ಲ ಒಳಗೇ."

"ಒಂದ್ನಿಮಿಷ ಇರು. ನಾನಿದೀನಿ" ಅಂದೆ. ಎಂಥ ಮಾತು!

ಅಷ್ಟರಲ್ಲಿ ಉಮಾಪತಿ ಗಿರಣಿಯಿಂದ ಹೊರಗೆ ಬಂದ. ಹುಬ್ಬಿಗೆಲ್ಲ ಹಿಟ್ಟು, ಬಾಯಿ ತುಂಬ ನಗು. "ಅಂಬುಜಕ್ಕ, ಏನ್ ಕೈಚಳಕ ನಿಮ್ದು! ಕೇಳ್ದೇನೇ ಒಂದೂವರೆ ಅಡಿ ಕೊಟ್ಬಿಟ್ರಲ್ಲ. ಮೂಟೆ ಇಡಕ್ಕೆ ಜಾಗ ಇಲ್ಲ ಅಂತ ಒದ್ದಾಡ್ತಿದ್ದೆ."

"ರೀ, ಅದು ಖೈರೂನ್ ಜಾಗ ಕಣ್ರೀ."

"ಹಂಗಂತ ಎಲ್ಲಿ ಬರ್ದಿದೆ?" ಅಂದ. ಜಗಳಕ್ಕೆ ಅಂದದ್ದಲ್ಲ, ನಿಜವಾಗಿ ಕೇಳಿದ. ಆಮೇಲೆ ಗೋಡೆಗೆ ಕಿವಿಯಿಟ್ಟು, "ಆ ರೇಡಿಯೋ ಒಂದು ನಿಲ್ಸಕ್ಕಾಗುತ್ತಾ ನೋಡಿ, ತಲೆನೋವು" ಅಂದ. ಅವನ ಮುಖದ ಹಿಟ್ಟು ಹಾರುವಂತೆ ಒಂದು ಬಾರಿಸಬೇಕು ಅನ್ನಿಸಿತು. ಜಬ್ಬಾರ್ ಸಾಹೇಬರೇನು ಕಡಿಮೆಯೇ? ಒಳಗೆ ಕರೆದು, ದೊಡ್ಡದಾದ ಅಡುಗೆಮನೆ ತೋರಿಸಿ, ಅಲ್ಲಾ ಕೊಟ್ಟಿದ್ದು ಎಂದು ಮೇಲೆ ಕೈ ತೋರಿಸಿದರು. ಅಲ್ಲಾ ಅಲ್ಲ ಸಾಹೇಬ್ರೆ, ಹನ್ನೆರಡನೇ ಆವೃತ್ತಿ ಅಂದೆ.

ಕಚೇರಿಗೆ ಓಡಿದೆ. ಸಂದಿಯನ್ನು ಮತ್ತೆ ಬರೆದೆ. ಬುಧವಾರ ಹನ್ನೊಂದಕ್ಕೆ ಉಳಿಸಿದೆ. 'ಒಂದು ಲೋಪ ನಿವಾರಿಸಲಾಗಿದೆ' ಎಂದು ಬಂತು, ಮುಚ್ಚಿಕೊಂಡಿತು. ಗುರುವಾರ ಮತ್ತೆ ಬರೆದೆ, ಮತ್ತೆ ಮುಚ್ಚಿತು. ಎರಡು ಗೋಡೆಗಳ ನಡುವಿನ ಜಾಗ ಮೂರಡಿಗಿಂತ ಹೆಚ್ಚಿಲ್ಲದಿದ್ದರೆ ಅದಕ್ಕೆ ಗೆರೆಗಾರನ ಭಾಷೆಯಲ್ಲಿ ಲೋಪ ಎಂದು ಹೆಸರು. ಲೋಪವಂತೆ! ಮನುಷ್ಯಳೊಬ್ಬಳು ಕೂತು ದುಡಿದು ಉಂಡು ಮಲಗುವ ಜಾಗ ಲೋಪವಂತೆ! ಸಹಾಯವಾಣಿಗೆ ಫೋನು ಮಾಡಿದೆ. ಜೇನಿನಂಥ ದನಿಯ ಹುಡುಗಿಯೊಬ್ಬಳು, "ದೂರು ದಾಖಲಿಸಲು ಮನೆ ಸಂಖ್ಯೆ ತಿಳಿಸಿ" ಅಂದಳು. ಅದಕ್ಕೆ ಮನೆ ಸಂಖ್ಯೆ ಇಲ್ಲಮ್ಮ ಅಂದೆ. "ಹಾಗಾದರೆ ದೂರು ಇಲ್ಲ ಮೇಡಂ. ಇನ್ನೇನಾದರೂ ಸಹಾಯ ಬೇಕಿತ್ತಾ?" ಅಂದಳು. ಬಾಯಿಗೆ ಬಂದದ್ದನ್ನು ಅಂದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಖೈರೂನ್ ಮಾತ್ರ ಆ ಜಾಗ ಬಿಟ್ಟು ಕದಲಲಿಲ್ಲ. ಹಗಲೆಲ್ಲ ಆ ಗೋಡೆಗೆ ಬೆನ್ನು ಹಾಕಿ, ಯಾರೋ ರಿಪೇರಿಗೆ ತಂದ ಕೊಡೆಯನ್ನೇ ಬಿಚ್ಚಿ ನೆರಳಿಗೆ ಹಿಡಿದು ಕೂತಿರುತ್ತಿದ್ದಳು. ಬ್ಯಾಗು ಕೇಳಿಕೊಂಡು ಬಂದ ತಾಯಂದಿರಿಗೆ ಗೋಡೆ ತೋರಿಸುತ್ತಿದ್ದಳು. ಕೆಲವರು ಅಯ್ಯೋ ಪಾಪ ಅಂದರು. ಕೆಲವರು ನಮ್ಮ ಬ್ಯಾಗಿಗೆ ಯಾರು ಜವಾಬ್ದಾರಿ ಅಂದರು. ಗುರುವಾರ ಸಂಜೆ ಗೋಡೆಯೊಳಗಿನ ರೇಡಿಯೋ ಗೊರಗೊರ ಎಂದು ನಿಂತುಹೋಯಿತು. ಬ್ಯಾಟರಿ ಮುಗಿಯಿತು ಅಂದಳು ಖೈರೂನ್.

ಶನಿವಾರ ಬೆಳಿಗ್ಗೆ ಕಲ್ಯಾಣ ಮಂಟಪದಲ್ಲಿ ಗೆರೆಗಾರ ಬಳಕೆದಾರರ ಸಭೆ ಇತ್ತು. ಹೊಸ ಸೌಲಭ್ಯಗಳ ಬಗ್ಗೆ ಚರ್ಚೆ, ಆಮೇಲೆ ಊಟ. ನಾನು ಸೆರಗು ಸಿಕ್ಕಿಸಿಕೊಂಡೇ ಹೋದೆ. ಇವತ್ತು ಒಬ್ಬೊಬ್ಬರಿಗೂ ನೀರಿಳಿಸಿಯೇ ಬರುತ್ತೇನೆ ಎಂದು ಮನೆಯಲ್ಲಿ ನಮ್ಮ ಯಜಮಾನರಿಗೆ ಹೇಳಿದ್ದೆ. ಅವರು ಪೇಪರಿನಿಂದ ತಲೆಯೆತ್ತದೆ, "ಊಟ ಆದ್ಮೇಲೆ ಇಳ್ಸು" ಅಂದಿದ್ದರು.

ತಯಾರಕರ ಕಡೆಯಿಂದ ಚಿರಂತನ್ ಎಂಬುವನು ಬಂದಿದ್ದ. ಮೂವತ್ತರ ಆಸುಪಾಸು, ಇಸ್ತ್ರಿ ಅಂಗಿ, ಮಾತಿಗೊಮ್ಮೆ ನಮಸ್ಕಾರ. ತೆರೆಯ ಮೇಲೆ ಒಂದೊಂದೇ ಸೌಲಭ್ಯ ತೋರಿಸುತ್ತ ಹೋದ. ಮೆಟ್ಟಿಲಿಗೆ ಆರಾಧ್ಯರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬಿಸಿಲಿನ ಪಟ್ಟಿ ಸ್ವಲ್ಪ ಬಿಗಿ ಇದೆ, ಮಧ್ಯಾಹ್ನದ ಹತ್ತಿರ ಸಿಕ್ಕಿಕೊಳ್ಳುತ್ತದೆ ಎಂದು ಕಲಾವತಿ ದೂರಿದಳು. ನಕಲು ಮಾಡುವಾಗ ಸೀರೆ ಬಿಟ್ಟು ಬರೀ ಬಾಲ್ಕನಿ ಬರುವ ಹಾಗೆ ಮಾಡಿ ಎಂದು ಇನ್ನೊಬ್ಬರು. ಬೇಡ, ಸೀರೆ ಇರಲಿ ಎಂದು ಹಿಂದಿನ ಸಾಲಿನ ಹೆಂಗಸರು. ಎಲ್ಲರೂ ಹಲ್ಲು ಕಿರಿದರು. ನಾನು ಕೈ ಎತ್ತಿಯೇ ಕೂತಿದ್ದೆ. ನನ್ನ ಕಡೆ ಯಾರೂ ನೋಡಲಿಲ್ಲ.

ಕೊನೆಗೆ ಚಿರಂತನ್, "ಈಗ ಈ ಆವೃತ್ತಿಯ ಅತ್ಯಂತ ಜನಪ್ರಿಯ ಸೌಲಭ್ಯ, ಲೋಪ ನಿವಾರಣೆ" ಅಂದ. ನಾನು ಎದ್ದೇ ನಿಂತೆ. "ಏನ್ರೀ ಲೋಪ? ಯಾರ್ರೀ ನಿಮಗೆ ಈ ಕೆಲಸ ಹೇಳಿದ್ದು? ಯಾವ ತಲೆಕೆಟ್ಟವರು ಕೇಳಿದ್ರು ಇದನ್ನ?" ಅಂದೆ. ಇಡೀ ಮಂಟಪ ತಿರುಗಿತು.

ಚಿರಂತನ್ ಮುಖ ಅರಳಿತು. "ಆರನೇ ವಾರ್ಡಿನ ಅಂಬುಜಾಕ್ಷಿ ಮೇಡಂ ನೀವೇ ಅಲ್ವಾ? ನಿಮ್ಮನ್ನೇ ಹುಡುಕ್ತಿದ್ದೆ ಮೇಡಂ" ಅಂದ. ತೆರೆಯ ಮೇಲೆ ಒಂದು ಕಾಗದ ಮೂಡಿತು. ಹೋದ ವರ್ಷ ನಮ್ಮೆಲ್ಲರಿಗೂ ಸಲಹೆ ಬರೆಯಲು ಕಳಿಸಿದ್ದ ಕಾಗದ. ಅದರಲ್ಲಿ ಇದ್ದದ್ದು ನನ್ನ ಅಕ್ಷರ. 'ಗೋಡೆಗಳ ಮಧ್ಯೆ ಸಂದಿ ಉಳಿದುಬಿಡುತ್ತದೆ. ಒಂದೊಂದನ್ನೂ ಹುಡುಕಿ ಮುಚ್ಚಿ ಮುಚ್ಚಿ ಕಣ್ಣು ಹೋಗಿದೆ. ಸಂದಿ ಕಂಡರೆ ತಾನೇ ಮುಚ್ಚಿಕೊಳ್ಳುವ ಹಾಗೆ ಮಾಡಿ. ನಿಮಗೆ ಪುಣ್ಯ ಬರುತ್ತದೆ.'

ನಾನು ಬರೆದದ್ದು ಮೂಲೆಯ ವಿಷಯ. ನಕ್ಷೆಯಲ್ಲಿ ಎರಡು ಗೆರೆ ಕೂಡುವ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಉಳಿಯುತ್ತದೆ. ಬರಿಗಣ್ಣಿಗೆ ಕಾಣುವುದಿಲ್ಲ, ಮನೆಯಲ್ಲಿ ಮಾತ್ರ ಅಲ್ಲಿಂದ ಇರುವೆ ಬರುತ್ತದೆ. ಅದಕ್ಕೆ ನಾವೆಲ್ಲ ಸಂದಿ ಅನ್ನುವುದೇ ರೂಢಿ. ಇನ್ನೂರ ಹದಿನಾಲ್ಕರಲ್ಲಿ ಇನ್ನೂರ ಹದಿಮೂರು ಅಂಥವೇ. ಆದರೆ ಎರಡು ಮನೆಗಳ ನಡುವಿನ ಜಾಗಕ್ಕೂ ನಾವು ಅನ್ನುವುದು ಸಂದಿ ಎಂದೇ. ಅವರು ನನ್ನ ಮಾತನ್ನು ಅಕ್ಷರ ಬಿಡದೆ ಪಾಲಿಸಿದ್ದರು.

"ಎಷ್ಟು ಅಗಲದವರೆಗೆ ಅಂತ ನೀವು ಬರೆದಿರಲಿಲ್ಲ ಮೇಡಂ. ನಮ್ಮ ತಂಡ ಮೂರಡಿ ಅಂತ ಇಟ್ಕೊಂಡಿತು" ಎಂದು ಹೇಳುತ್ತಲೇ ಅವನು ವೇದಿಕೆಯಿಂದ ಇಳಿದು ಬಂದ. ಕೈಯಲ್ಲಿ ಮೈಸೂರು ಪೇಟ, ಶಾಲು. ಅತ್ಯುತ್ತಮ ಸಲಹೆಗೆ ಸನ್ಮಾನವಂತೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ಶಾಲು ಹೆಗಲ ಮೇಲೆ ಬಂದು ಕೂತದ್ದೂ ಗೊತ್ತಾಗಲಿಲ್ಲ.

ಗೊತ್ತಾದ ಕೂಡಲೇ ಕಿತ್ತು ಅವನ ಕೈಗೆ ತುರುಕಿದೆ. "ನಾನು ಕೇಳಿದ್ದು ಇದಲ್ಲ. ತೆಗೀರಿ ಇದನ್ನ. ಇವತ್ತೇ ತೆಗೀರಿ" ಅಂದೆ. ಸಭೆಯ ಒಪ್ಪಿಗೆ ಇದ್ದರೆ ತೆಗೆಯಬಹುದು ಅಂದ, ಪಾಪದವನ ಹಾಗೆ. ಕೈ ಎತ್ತಿಸಿದರು. ತೆಗೆಯಬೇಕು ಅನ್ನುವವರು: ನಾನೊಬ್ಬಳು. "ಅಂಬುಜಮ್ಮ, ದಿನಕ್ಕೆ ಎರಡು ಗಂಟೆ ಕೆಲಸ ಉಳೀತಿದೆ ಕಣ್ರೀ. ಯಾವುದೋ ಒಂದು ಸಂದಿಗೋಸ್ಕರ..." ಎಂದು ಆರಾಧ್ಯರು ಸಮಾಧಾನ ಹೇಳಲು ಬಂದರು. "ನನ್ನ ವಾರ್ಡಲ್ಲೂ ಏಳು ಸಂದಿ ಮುಚ್ಚಿತು. ಹೆಗ್ಗಣ, ಕಸ. ಜನ ಸಿಹಿ ತಂದುಕೊಟ್ರು." ನಿಮ್ಮ ಸಿಹಿಗಿಷ್ಟು ಬೆಂಕಿ ಬೀಳ ಅಂದು ಊಟಕ್ಕೂ ನಿಲ್ಲದೆ ಹೊರಟೆ.

ನೇರ ಖೈರೂನ್ ಹತ್ತಿರ ಹೋದೆ. ಬಚ್ಚಿಡುವ ಯೋಚನೆ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ದಾರಿಯುದ್ದಕ್ಕೂ ಬಂತು. ಆದರೂ ಹೇಳಿದೆ. ಗೋಡೆಯ ಬುಡದಲ್ಲಿ ಅವಳ ಪಕ್ಕದಲ್ಲೇ ಕೂತು, ಕಾಗದದ ವಿಷಯ, ನಾನು ಬರೆದ ಮಾತು, ಶಾಲು, ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ. ಅವಳು ಕೊಡೆಯ ಕಡ್ಡಿಯೊಂದನ್ನು ನೆಟ್ಟಗೆ ಮಾಡಿದಳು.

"ನೀವು ಯಾವ ಸಂದಿ ಅಂತ ಬರೆದ್ರಿ ಅನ್ನೋದು ಬಿಡಿ ಅಕ್ಕ" ಅಂದಳು ಕೊನೆಗೆ. "ನನ್ನ ಜಾಗಕ್ಕೆ ನಿಮ್ಮ ಪ್ಲಾನಲ್ಲಿ ಏನಂತ ಬರೆದಿದ್ರಿ?"

ಏನೂ ಬರೆದಿರಲಿಲ್ಲ. ಇಪ್ಪತ್ಮೂರು ವರ್ಷ. ಒಂದು ಕಡೆ 'ಗಿರಣಿ', ಇನ್ನೊಂದು ಕಡೆ 'ಜಬ್ಬಾರ್', ನಡುವೆ ಬಿಳಿ.

"ನಿಮ್ಮ ಮಗಳು ಹೈಸ್ಕೂಲ್ ಮುಗಿಸೋವರೆಗೂ ನಾನೇ ಅವಳ ಬ್ಯಾಗಿನ ಜಿಪ್ಪು ಹಾಕಿದ್ದು. ನೀವು ಇಲ್ಲೇ ನಿಂತು, ಬೇಗ ಮಾಡೇ ಖೈರೂನ್ ಅಂತಿದ್ರಿ. ಪ್ಲಾನ್ ಬರೆಯುವಾಗ ನಾನು ಕಾಣ್ಲಿಲ್ವಾ?" ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. "ನೀವೆಲ್ಲ ಅದನ್ನ ಸಂದಿ ಅಂದ್ರಿ. ಅಬ್ಬಾ ಯಾವತ್ತೂ ಹಾಗನ್ಲಿಲ್ಲ. ಅಂಗಡಿ ಅಂತಿದ್ರು. ನಾನೂ ಅಂಗಡಿ ಅಂತೀನಿ."

ಇಷ್ಟು ದಿನ ಗೆರೆಗಾರನ ಮೇಲೆ, ಉಮಾಪತಿಯ ಮೇಲೆ, ಆ ಜೇನಿನ ದನಿಯ ಹುಡುಗಿಯ ಮೇಲೆ ಹಾರಾಡಿದ ಸಿಟ್ಟೆಲ್ಲ ಆಗ ಒಟ್ಟಾಗಿ ಬಂದು ನನ್ನ ಮೇಲೇ ಬಿತ್ತು. ನಾಚಿಕೆಗಿಂತ ಸಿಟ್ಟೇ ವಾಸಿ. ಅದು ಕಾಲಿಗೆ ಕೆಲಸ ಕೊಡುತ್ತದೆ. ಎದ್ದೆ.

ಉಪಾಯ ಕಷ್ಟದ್ದಲ್ಲ. ಮೂರಡಿಗಿಂತ ಒಂದಂಗುಲ ಹೆಚ್ಚಿದ್ದರೆ ಅದು ಲೋಪವಲ್ಲ, ಜಾಗ. ಜಾಗಕ್ಕೆ ಹೆಸರು ಬರೆಯಬಹುದು. ಹೆಸರು ಬರೆದ ಜಾಗವನ್ನು ಆ ಹೆಸರಿನವರ ಸಹಿ ಇಲ್ಲದೆ ಯಾರೂ ಮುಟ್ಟುವಂತಿಲ್ಲ. ಅದು ನಮ್ಮೂರಿನ ಎಲ್ಲಕ್ಕಿಂತ ಹಳೆಯ ನಿಯಮ. ಉಮಾಪತಿ ಹದಿನೆಂಟೂವರೆ ಅಂಗುಲ, ಜಬ್ಬಾರ್ ಸಾಹೇಬರು ಹದಿನೆಂಟೂವರೆ ಅಂಗುಲ ಬಿಟ್ಟರೆ ಸಾಕು. ಹದಿನೆಂಟು ಅವರದ್ದಾಗಿರಲೇ ಇಲ್ಲ. ನಿಜವಾಗಿ ಕೊಡಬೇಕಾದದ್ದು ತಲಾ ಅರ್ಧ ಅಂಗುಲ.

ಒಪ್ಪಿಗೆ ಕಾಗದ ಹಿಡಿದು ಭಾನುವಾರ ಗಿರಣಿಗೆ ಹೋದೆ. ಉಮಾಪತಿ ಆಗಲೇ ಹೊಸ ಜಾಗದಲ್ಲಿ ರಾಗಿ ಮೂಟೆ ಪೇರಿಸಿದ್ದ. "ಅಕ್ಕ, ನಾನೇನು ಕಿತ್ಕೊಂಡ್ನಾ? ತಾನಾಗಿ ಬಂತು" ಅಂದ. "ಒಂದು ವಾರದ ಹಿಂದೆ ಎಲ್ಲಿ ಇಡ್ತಿದ್ರಿ ಈ ಮೂಟೆ?" ಅಂದೆ. "ಆವಾಗ ಕಷ್ಟ ಆಗ್ತಿತ್ತಲ್ಲ" ಅಂದ. ಜಬ್ಬಾರ್ ಸಾಹೇಬರು ಕೂರಿಸಿ ಶರಬತ್ತು ಕೊಟ್ಟರು, ಖೈರೂನಳ ಅಪ್ಪ ಎಂಥ ದೊಡ್ಡ ಮನುಷ್ಯ ಎಂದು ಅರ್ಧ ಗಂಟೆ ಹೊಗಳಿದರು. ಸಹಿ ಮಾತ್ರ ಮಾಡಲಿಲ್ಲ. ಅಡುಗೆಮನೆಯಲ್ಲಿ ಸೊಸೆ ಫ್ರಿಜ್ಜು ಇಟ್ಟುಬಿಟ್ಟಿದ್ದಾಳೆ, ಈಗ ತೆಗೆ ಅಂದರೆ ಮನೆಯಲ್ಲಿ ಶಾಂತಿ ಇರುವುದಿಲ್ಲ ಅಂದರು. ಕೇಡಿಗರೇನಲ್ಲ, ಇಬ್ಬರೂ. ಅದಕ್ಕೇ ಇನ್ನಷ್ಟು ಉರಿಯಿತು. ಅರ್ಧ ಅಂಗುಲ! ಬೆರಳಿನ ಒಂದು ಗೆಣ್ಣಿಗಿಂತ ಕಡಿಮೆ!

ಸೋಮವಾರ ಕಚೇರಿಯಲ್ಲಿ ಕೂತೆ. ಗಿರಣಿಯ ಗೋಡೆಯನ್ನು ಹಿಂದಕ್ಕೆ ಸರಿಸಿದೆ. ಜಬ್ಬಾರ್ ಸಾಹೇಬರ ಗೋಡೆಯನ್ನೂ ಸರಿಸಿದೆ. ಅಳತೆ ಮೂರು ಅಡಿ ಒಂದು ಅಂಗುಲ. ನಡುವಿನ ಬಿಳಿ ಜಾಗದಲ್ಲಿ 'ಖೈರೂನ್, ಅಂಗಡಿ' ಎಂದು ಬರೆದೆ. ಅಕ್ಷರ ಸಾಕಾಗಲಿಲ್ಲ ಅನ್ನಿಸಿ ಇನ್ನೂ ದಪ್ಪ ಮಾಡಿದೆ. ಮನೆಯವರ ಸಹಿ ಎನ್ನುವ ಎರಡು ಖಾನೆಗಳು ಕಾದಿದ್ದವು. ಎರಡರಲ್ಲೂ ನನ್ನದೇ ಸಹಿ ಹಾಕಿದೆ, ಅಂಬುಜಾಕ್ಷಿ, ಅಂಬುಜಾಕ್ಷಿ. ಕದ್ದು ಮಾಡಿದ್ದಲ್ಲ, ನೋಡಿದವರಿಗೆ ತಿಳಿಯಲಿ ಎಂದೇ ಮಾಡಿದ್ದು. ಹತ್ತೂವರೆಗೆ ಇಬ್ಬರಿಗೂ ಫೋನು ಮಾಡಿ, ಹನ್ನೊಂದಕ್ಕೆ ನಿಮ್ಮ ಸರದಿ, ಮೂಟೆ ಇದ್ದರೆ ಈಚೆ ಎಳೆದುಕೊಳ್ಳಿ, ಫ್ರಿಜ್ಜಿದ್ದರೆ ಸರಿಸಿಕೊಳ್ಳಿ, ಆಮೇಲೆ ನನ್ನನ್ನು ಅನ್ನಬೇಡಿ ಅಂದೆ. ಉಮಾಪತಿ ಫೋನಿನಲ್ಲಿ ಕೂಗುತ್ತಿರುವಾಗಲೇ ಗಂಟೆ ಹೊಡೆಯಿತು. ಉಳಿಸಿದೆ.

ನಾನು ಅಲ್ಲಿಗೆ ಹೋಗುವ ಹೊತ್ತಿಗೆ ಬೀದಿ ತುಂಬ ಜನ. ಗೋಡೆಗಳು ಬಿಟ್ಟುಕೊಂಡಿದ್ದವು. ಒಳಗೆ ಮಿಷನ್ನು, ಇಕ್ಕಳ, ಒಲೆ, ಸಾಲಾಗಿ ನಲವತ್ತೊಂದು ಬ್ಯಾಗು, ಎಲ್ಲದರ ಮೇಲೂ ಸುಣ್ಣದ ಪುಡಿ. ಉಮಾಪತಿ ನನ್ನ ಮುಖದ ಹತ್ತಿರ ಬೆರಳು ತಂದು, "ನಿಮ್ಮ ಕೆಲಸ ಕಳೀದೆ ಬಿಡಲ್ಲ ನಾನು" ಅಂದ. ಅವನು ಕಳೆಯುವ ಅಗತ್ಯವೇ ಬೀಳಲಿಲ್ಲ. ಅಲ್ಲಿ ನಿಂತಿರುವಾಗಲೇ ಚಿರಂತನ್ ಫೋನು ಬಂತು. "ಮೇಡಂ, ಸಹಿ ಎರಡೂ ನಿಮ್ದೇ ಇದೆ. ನಿಮ್ಮ ಲಾಗಿನ್ ಮುಚ್ಚಿದೀವಿ. ಇಪ್ಪತ್ಮೂರು ವರ್ಷದ ಸೇವೆ ಮೇಡಂ, ಯಾಕೆ ಹೀಗೆ ಮಾಡಿದ್ರಿ?" ಅಂದ. ಅಂಗಡಿಯನ್ನೂ ಮುಚ್ಚುತ್ತೀರಾ ಎಂದು ಕೇಳಿದೆ. "ಅದಕ್ಕೆ ಈಗ ಹೆಸರಿದೆಯಲ್ಲ ಮೇಡಂ. ಖೈರೂನ್ ಅನ್ನೋರ ಸಹಿ ಬೇಕು" ಅಂದ. ಹಾಗಾದರೆ ಮುಚ್ಚಿಕೊಂಡು ಹೋಗಿ ಅಂದು ಫೋನಿಟ್ಟೆ.

ಇಪ್ಪತ್ಮೂರು ವರ್ಷ ಒಂದು ಫೋನಿನಲ್ಲಿ ಮುಗಿದಿತ್ತು. ಖೈರೂನ್ ಒಳಗೆ ಹೋಗಿ ಮಿಷನ್ನು ಒರೆಸುತ್ತಿದ್ದಳು. ಈಗ ಹೊರಗೆ ಬಂದು ಕೈ ಹಿಡಿದುಕೊಳ್ಳುತ್ತಾಳೆ, ಏನಾದರೂ ಒಳ್ಳೆಯ ಮಾತು ಹೇಳುತ್ತಾಳೆ ಎಂದು ನಾನು ಬಾಗಿಲಲ್ಲಿ ನಿಂತೆ. ಒಳಗಿನಿಂದ ದಡ್ ಎಂದು ಏನೋ ಬಿದ್ದ ಸದ್ದಾಯಿತು.

"ಅಂಬುಜಕ್ಕಾ!" ಎಂದು ಕೂಗಿದಳು. ಅವಳ ದನಿ ಅಷ್ಟು ಜೋರಾಗಬಲ್ಲದು ಎಂದು ನನಗೆ ಗೊತ್ತೇ ಇರಲಿಲ್ಲ. "ಎಷ್ಟು ಮಾಡಿದೀರಿ ಇದನ್ನ?"

ಮೂರು ಅಡಿ ಒಂದು ಅಂಗುಲ ಅಂದೆ.

"ಒಂದಂಗುಲ ಯಾರು ಕೇಳಿದ್ರು ನಿಮ್ಮನ್ನ? ಹಲಗೆ ಕೂರ್ತಿಲ್ಲ!" ಒಳಗೆ ಇಣುಕಿದೆ. ಎರಡು ಗೋಡೆಯಲ್ಲೂ ಎದುರುಬದುರಾಗಿ ಒಂದೊಂದು ಕಲ್ಲಿನ ಅಂಚು. ಅವುಗಳ ಮೇಲೆ ಅಡ್ಡವಾಗಿ ಇಟ್ಟು ಕೆಲಸ ಮಾಡುವ ಹಲಗೆ ಈಗ ಒಂದು ಕಡೆಯಿಂದ ಜಾರಿ ನೆಲಕ್ಕೆ ಬಿದ್ದಿತ್ತು. ಅಂಥದೊಂದು ಹಲಗೆ ಇದೆ ಎನ್ನುವುದು ನನ್ನ ತಲೆಗೆ ಬಂದೇ ಇರಲಿಲ್ಲ. "ನನ್ನನ್ನ ಒಂದು ಮಾತು ಕೇಳಬಾರದಿತ್ತಾ? ಗಿರಣಿಯವನ್ನ ಕೇಳಿದ್ರಿ, ಸಾಹೇಬ್ರನ್ನ ಕೇಳಿದ್ರಿ. ನನ್ನ ಅಂಗಡಿ, ನನ್ನನ್ನ ಯಾರು ಕೇಳಿದ್ರು? ನಾಳೆ ಸ್ಕೂಲು, ನಲವತ್ತೊಂದು ಬ್ಯಾಗು, ಎಲ್ಲಿ ಇಟ್ಕೊಂಡು ಹೊಲೀಲಿ? ನಿಮ್ಮ ತಲೆ ಮೇಲಾ?"

ಬೀದಿ ಪೂರ್ತಿ ಕೇಳಿಸಿಕೊಳ್ಳುತ್ತಿತ್ತು. ಉಮಾಪತಿ ಕೂಡ ಬೆರಳು ಇಳಿಸಿ ನೋಡುತ್ತಿದ್ದ. ಊರಿಗೆಲ್ಲ ಬೈದು ಬರುವ ನನಗೆ ಹೀಗೆ ಯಾರೂ ಬೈದಿರಲಿಲ್ಲ. ಬೈಸಿಕೊಂಡೆ. ತಪ್ಪಾಯಿತು ಖೈರೂನ್ ಎಂದು ಮಾತ್ರ ಅಂದೆ. ಅವಳು ಉಸಿರು ಬಿಟ್ಟು, ಹಲಗೆಯನ್ನು ಒಂದು ಕಡೆಯ ಅಂಚಿಗೆ ಆನಿಸಿ, ಇನ್ನೊಂದು ತುದಿಯನ್ನು ಎತ್ತಿ ನನ್ನ ಕಡೆ ನೋಡಿದಳು.

"ಆಗ ಬಂದ ಫೋನು ಕೆಲಸ ಹೋಯ್ತು ಅಂತಾನಾ?"

ಹೋಯಿತು ಅಂದೆ.

"ಹಾಗಾದ್ರೆ ಒಳಗೆ ಬನ್ನಿ. ಈ ಕಡೆ ಹಿಡ್ಕೊಳ್ಳಿ."

ಇಪ್ಪತ್ಮೂರು ವರ್ಷದಲ್ಲಿ ನಾನು ಆ ಹೊಸ್ತಿಲು ದಾಟಿದ್ದು ಅವತ್ತೇ ಮೊದಲು. ಬೆನ್ನು ಒಂದು ಗೋಡೆಗೆ ಒರಗಿತು, ಮೊಣಕಾಲು ಇನ್ನೊಂದಕ್ಕೆ ತಗುಲಿತು. ಅವಳು ಮೊದಲ ಬ್ಯಾಗನ್ನು ಎತ್ತಿಕೊಂಡಳು. ನಲವತ್ತೊಂದು ಮುಗಿಯುವವರೆಗೂ ನಾನು ಹಲಗೆ ಹಿಡಿದೇ ಕೂತಿದ್ದೆ, ಮೂರಡಿ ಅಂದರೆ ಎಷ್ಟು ಎಂದು ತಿಳಿಯುತ್ತಾ.